ದಾಯ: ಕೊಟ್ಟವರು ಯಾರು, ತಗೊಂಡವರು ಯಾರು?

'ದಾಯ' ಎಂಬ ಮಾತು ನಮ್ಮ ಹಟ್ಟಿಗಳಲ್ಲಿ ಕೇಳಿಬರುವುದಿಲ್ಲ. 'ದಾಯಾದಿ' ಉಂಟು, ಜಗಳ ಆಡೋದಕ್ಕೆ. ಹಂಚಿಕೊಳ್ಳಲು ಏನೂ ಇಲ್ಲದ ಕಡೆ ಹಂಚಿಕೊಳ್ಳುವವನ ಹೆಸರು ಮಾತ್ರ ಉಳಿದಿದೆ.

ಸಂಸ್ಕೃತದಲ್ಲಿ 'ದಾ' ಅಂದರೆ ಕೊಡು. ಕೊಟ್ಟದ್ದು ದಾಯ, ತೆಗೆದುಕೊಳ್ಳುವವನು ದಾಯಾದ. ಕೇಳಲು ಉದಾರವಾದ ಮಾತು. ಆದರೆ ಶಾಸ್ತ್ರದ ಕೈಗೆ ಸಿಕ್ಕಮೇಲೆ ಕೊಡುವ ಮಾತೇ ಇಲ್ಲವಾಯಿತು. ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ವ್ಯಾಖ್ಯಾನ ಬರೆದ. ಒಡೆಯನ ಸಂಬಂಧ ಒಂದರಿಂದಲೇ ಇನ್ನೊಬ್ಬನದಾಗುವ ಸ್ವತ್ತು ದಾಯ ಎಂದ. ಅಜ್ಜ-ಅಪ್ಪಂದಿರ ಸ್ವತ್ತಿನಲ್ಲಿ ಮಗ ಹುಟ್ಟಿದ ಗಳಿಗೆಯಿಂದಲೇ ಪಾಲುದಾರ. ಯಾರೂ ಕೊಡಬೇಕಾಗಿಲ್ಲ, ಹುಟ್ಟಿದರೆ ಸಾಕು.

ಹುಟ್ಟಿನಿಂದ ಹಕ್ಕು ಬರುವುದಾದರೆ ಹೊರೆಯೂ ಬರಬೇಕಲ್ಲ? ಬಂತು. ಹೊಲ ಇದ್ದವನ ಮಗನಿಗೆ ಹೊಲ, ಜೀತದವನ ಮಗನಿಗೆ ಸಾಲ. ಅಪ್ಪನ ಸಾಲ ಮಗ ತೀರಿಸಬೇಕು ಅನ್ನುತ್ತೆ ಅದೇ ಸ್ಮೃತಿ. ಹೆಂಡಕ್ಕೋ ಜೂಜಿಗೋ ಮಾಡಿದ್ದಾದರೆ ಬೇಡ ಅನ್ನುತ್ತೆ. ನಮ್ಮ ಅಪ್ಪಂದಿರು ಸಾಲ ಮಾಡಿದ್ದು ರಾಗಿಗೆ, ಮದುವೆಗೆ, ಸತ್ತವರನ್ನು ಮಣ್ಣು ಮಾಡೋದಕ್ಕೆ. ಹಾಗಾಗಿ ವಿನಾಯಿತಿಯೂ ಇಲ್ಲ! ಗೌಡನ ಕೊಟ್ಟಿಗೆಯಲ್ಲಿ ಅಪ್ಪ ಇಳಿಸಿದ ಸಗಣಿ ಮಂಕರಿಯನ್ನು ಮಗ ಎತ್ತಿಕೊಂಡ. ಕಾನೂನಿನಲ್ಲಿ ಜೀತ ರದ್ದಾಗಿದ್ದು 1976ರಲ್ಲಿ. ಪಿತೃಋಣದ ಧರ್ಮ ಎಂದು ಹೇಳಿ ಹೊಸ ಸಾಲಗಳನ್ನು ಮಗನ ತಲೆಗೆ ಕಟ್ಟುವಂತಿಲ್ಲ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿದ್ದು 2005ರಲ್ಲಿ.

ಇನ್ನೊಂದು ಮಾತು 'ಪಿತ್ರಾರ್ಜಿತ'. 'ಪಿತ್ರಾ' ಅಂದರೆ ಅಪ್ಪನಿಂದ, 'ಅರ್ಜಿತ' ಅಂದರೆ ಗಳಿಸಿದ್ದು. ಯಾರ ಅಪ್ಪನಿಂದ? ಆ ಹೊಲ ಉತ್ತವನು ಯಾರು, ಕಳೆ ಕಿತ್ತವಳು ಯಾರು? ಮಾತಿನ ಅರ್ಥ ಹಿಡಿದು ನ್ಯಾಯ ಹೇಳಿದರೆ ಪಹಣಿ ಯಾರ ಹೆಸರಿಗೆ ಬರಬೇಕು? 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಹೊಲ ಸಿಕ್ಕಿತು. ಗೇಣಿಯೂ ಇಲ್ಲದ ಕೂಲಿಯವನ ಬೆವರು ಆ ಲೆಕ್ಕಕ್ಕೇ ಬರಲಿಲ್ಲ.

ಈ ಪ್ರಶ್ನೆಯನ್ನು ನಮ್ಮ ಮನೆಯೊಳಗೂ ಕೇಳಬೇಕು ಗೆಳೆಯರೇ. ಪಿತ್ರಾರ್ಜಿತದಲ್ಲಿ ಅವ್ವ ಎಲ್ಲಿದ್ದಾಳೆ? ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲು ಎಂದಿತು. ಸರ್ಕಾರ ಮಂಜೂರು ಮಾಡಿದ ಎರಡು ಎಕರೆಯನ್ನು ಗಂಡುಮಕ್ಕಳಿಗಷ್ಟೇ ಪಾಲು ಮಾಡುವಾಗ ನಾವೂ ಹುಟ್ಟಿನ ಶಾಸ್ತ್ರವನ್ನೇ ಓದುತ್ತಿರುತ್ತೇವೆ.

'ಕೊಡು' ಎಂಬ ಮೂಲ ಅರ್ಥಕ್ಕೆ ಹತ್ತಿರ ಇರುವವನು ಹಳ್ಳಿ ಶಾಲೆಯ ಮೇಷ್ಟ್ರು. ಯಾರದೋ ಮಕ್ಕಳಿಗೆ ಹುಟ್ಟು ಕೇಳದೆ ಅಕ್ಷರ ಕೊಡುತ್ತಾನೆ. ನಮ್ಮ ಮನೆತನದ ಮೊದಲ ಪದವೀಧರ ನಾನು; ನನಗೆ ಬಂದ ದಾಯ ಅದೊಂದೇ. ಆದರೆ ಅಕ್ಷರ ನಿಮಗೆ, ಭೂಮಿ ನಮಗೆ ಅಂದರೆ ಅದೂ ಮೋಸದ ಪಾಲುಪಟ್ಟಿಯೇ. ಅದಕ್ಕೆ ನಾವು ರುಜು ಹಾಕುವುದಿಲ್ಲ.