ತೂಕದ ಮಾತು

ಹದಿನೈದು ದಿನಕ್ಕೊಮ್ಮೆ ನನ್ನನ್ನು ತೂಗುತ್ತಾರೆ. ಬೆಳಗಿನ ಜಾವ ಚಿತ್ರದುರ್ಗದಲ್ಲಿ ಬಸ್ಸು ಹತ್ತಿ, ಹಿರಿಯೂರು, ಶಿರಾ, ತುಮಕೂರು ದಾಟಿ, ಸುಮಾರು 200 ಕಿಲೋಮೀಟರು ದೂರದ ಬೆಂಗಳೂರಿನ ಆಸ್ಪತ್ರೆ ಸೇರಿದೊಡನೆ ಮೊದಲ ಕೆಲಸ ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಲ್ಲುವುದು. ನನ್ನ ಔಷಧಿಯ ಅಳತೆ ಇರುವುದೇ ಹಾಗೆ, ಕಿಲೋಗೆ ಇಷ್ಟು ಯೂನಿಟ್ ಎಂದು. ಆಮೇಲೆ ಹಾಸಿಗೆ, ಸೂಜಿ, ಹನಿಹನಿಯಾಗಿ ಇಳಿಯುವ ಬಾಟಲಿ.

ಒಂದು ದಿನ ನನ್ನ ಹಿಂದೆ ಹೊಳಲ್ಕೆರೆ ಕಡೆಯ ಒಬ್ಬ ತಾಯಿ ನಿಂತಿದ್ದಳು. ಅವಳ ನಾಲ್ಕು ವರ್ಷದ ಮಗನಿಗೂ ನನ್ನದೇ ಕಾಯಿಲೆ. ಮೊದಲು ಬಂದಾಗ ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಈಗ ಹೊಟ್ಟೆ ಇಳಿದಿತ್ತು, ಕೆನ್ನೆ ತುಂಬಿತ್ತು. ನರ್ಸಮ್ಮ ನಗುತ್ತಾ, "ಒಂದೂವರೆ ಕೆ.ಜಿ. ಜಾಸ್ತಿಯಾಗಿದ್ದಾನೆ ನಿನ್ನ ಮಗ" ಎಂದರು. ಬೇರೆ ಯಾವ ತಾಯಿಯಾದರೂ ಹಿಗ್ಗುತ್ತಿದ್ದಳು. ಇವಳ ಮುಖ ಸಪ್ಪಗಾಯಿತು. ನನ್ನ ಕಡೆ ತಿರುಗಿ, "ಹಂಗಾದ್ರೆ ಔಷಧಿನೂ ಜಾಸ್ತಿ ಬೇಕಾ ಅಕ್ಕ? ಮಗ ಬೆಳೀತಾನೆ ಅಂತ ಹೆದರಬೇಕಾ?" ಎಂದಳು.

ಆ ಪ್ರಶ್ನೆ ನನ್ನ ಜೊತೆಯಲ್ಲೇ ಬಸ್ಸು ಹತ್ತಿತು. ಇನ್ನೂ ಇಳಿದಿಲ್ಲ.

ನಮ್ಮ ಕಾಯಿಲೆಯ ಹೆಸರು ಗೋಶೆ. 1882ರಲ್ಲಿ ಫಿಲಿಪ್ ಗೋಶೆ ಎಂಬ ಫ್ರೆಂಚ್ ವೈದ್ಯ ವಿದ್ಯಾರ್ಥಿ, 32 ವರ್ಷದ ಹೆಂಗಸೊಬ್ಬಳ ಊದಿದ ಗುಲ್ಮವನ್ನು ಕಂಡು ಇದನ್ನು ಮೊದಲು ವಿವರಿಸಿದ. ಅವನು ಅದನ್ನು ಒಂದು ಬಗೆಯ ಗಡ್ಡೆ ಎಂದುಕೊಂಡಿದ್ದ. ನಿಜದಲ್ಲಿ ಅದು ಕೊಬ್ಬು. ಹಳೆಯ ರಕ್ತಕಣಗಳು ಸತ್ತಾಗ ಅವುಗಳ ಪೊರೆಯ ಕೊಬ್ಬನ್ನು ಒಡೆದು ವಿಲೇವಾರಿ ಮಾಡಲು ದೇಹದಲ್ಲಿ ಒಂದು ಕಿಣ್ವವಿದೆ. ನಮ್ಮಲ್ಲಿ ಅದು ಸಾಲದು. ಗುಡಿಸುವವರಿಲ್ಲದ ಮನೆಯಂತೆ ಆ ಕೊಬ್ಬು ಗುಲ್ಮ, ಯಕೃತ್ತು, ಮೂಳೆಯ ಮಜ್ಜೆಗಳಲ್ಲಿ ಸೇರುತ್ತಾ ಹೋಗುತ್ತದೆ. ಹೊಟ್ಟೆ ಊದುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೂಳೆ ನೋಯುತ್ತದೆ.

ಇದನ್ನೆಲ್ಲ ನಾನು ತಿಳಿದದ್ದು ತೀರ ತಡವಾಗಿ. ಹೊಸದುರ್ಗದ ನಮ್ಮ ಮನೆಯಲ್ಲಿ ಇದಕ್ಕೆ "ಹೊಟ್ಟೆಗಡ್ಡೆ" ಎಂದಷ್ಟೇ ಹೆಸರು. ಅಣ್ಣನಿಗೆ ಬರೆ ಹಾಕಿಸಿದರು. ಒಂಬತ್ತು ವರ್ಷಕ್ಕೆ ಅವನು ಹೋದ. ನನಗೂ ಹಾಕಿಸಿದರು, ಆ ಗೆರೆಗಳು ಈಗಲೂ ಹೊಟ್ಟೆಯ ಮೇಲಿವೆ. ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನು. ಆದರೆ ಊರವರು ಬೆರಳು ತೋರಿಸಿದ್ದು ಅವಳೊಬ್ಬಳ ಕಡೆಗೆ. ಅವಳೂ "ನನ್ನ ಹೊಟ್ಟೆಯ ದೋಷ" ಎಂದೇ ನಂಬಿದಳು. ಮುಪ್ಪಿನಲ್ಲಿ ಅವಳನ್ನು ಡಾಕ್ಟರ ಮುಂದೆ ಕೂರಿಸಿದೆ. ಅವರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು: ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ವಂಶವಾಹಿ ಕೂಡಿದರೆ ಮಾತ್ರ ಕಾಯಿಲೆ. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ರಕ್ತಸಂಬಂಧದಲ್ಲಿ ಅಂಥ ಎರಡು ಕೂಡುವ ಸಂಭವ ಹೆಚ್ಚು. ಅಮ್ಮ ಬಹಳ ಹೊತ್ತು ಆ ಕಾಗದವನ್ನೇ ನೋಡಿ, "ಹಂಗಾದ್ರೆ ಅರ್ಧ ಅವರದು" ಎಂದಳು. ಅದನ್ನು ಕೇಳಲು ಅಪ್ಪ ಇರಲಿಲ್ಲ.

ಈ ಔಷಧಿಯ ಕಥೆಯಲ್ಲೂ ಹೆಂಗಸರ ಹೊಟ್ಟೆಯ ಮಾತಿದೆ. ಕಿಣ್ವದ ಕೊರತೆಯೇ ಕಾರಣವೆಂದು ಅಮೆರಿಕದ ರಾಸ್ಕೋ ಬ್ರೇಡಿ ಮತ್ತು ಸಂಗಡಿಗರು 1960ರ ದಶಕದಲ್ಲಿ ತೋರಿಸಿದರು. ಕಿಣ್ವವನ್ನು ಎಲ್ಲಿಂದ ತರುವುದು? ಬಾಣಂತಿಯರ ಮಾಸಿನಿಂದ! ನಾವು ಹಿತ್ತಲಲ್ಲಿ ಹೂಳುವ ಮಾಸು. 1991ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಔಷಧಿ ತಯಾರಾದದ್ದು ಹಾಗೆ. ಒಬ್ಬ ರೋಗಿಯ ಒಂದು ವರ್ಷದ ಔಷಧಿಗೆ ಸುಮಾರು 20 ಸಾವಿರ ಮಾಸು ಬೇಕಾಗುತ್ತಿತ್ತಂತೆ. 1994ರಿಂದ ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ತೆಗೆದ ಕಿಣ್ವ ಬಂತು, ಮಾಸಿನ ಔಷಧಿ ನಿಂತಿತು. ಬೆಲೆ ಮಾತ್ರ ಇಳಿಯಲಿಲ್ಲ. ನನ್ನಂಥ ವಯಸ್ಕಳಿಗೆ ವರ್ಷಕ್ಕೆ ಬೇಕಾಗುವ ಹಣದಲ್ಲಿ ನಮ್ಮ ಬೀದಿಯಲ್ಲಿ ಮನೆಗಳನ್ನೇ ಕೊಳ್ಳಬಹುದು. ಗುಣವಾಗಿ ನಿಲ್ಲಿಸುವ ಔಷಧಿಯೂ ಅಲ್ಲ. ಜೀವ ಇರುವತನಕ ಬೇಕು.

2014ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು ರಿಕ್ಷಾ ಎಳೆಯುವವನೊಬ್ಬನ ಮಗನಿಗೆ ಇದೇ ಔಷಧಿಯನ್ನು ಉಚಿತವಾಗಿ ಕೊಡಬೇಕೆಂದು ಅಲ್ಲಿನ ಸರ್ಕಾರಕ್ಕೆ ಹೇಳಿತು. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. 2022ರ ಮೇ ತಿಂಗಳಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಎಂದಾಯಿತು. ನನ್ನ ಸೂಜಿ ಶುರುವಾದದ್ದು ಆ ಹಣದಿಂದ. ಅದು ಚಿಕ್ಕ ಮಗುವಿಗೆ ಒಂದಿಷ್ಟು ಕಾಲ ಬಂದೀತು, ದೊಡ್ಡವರಿಗೆ ಬೇಗ ಕರಗುತ್ತದೆ. ತೂಕದ ಯಂತ್ರದ ಮುಂದೆ ಆ ತಾಯಿಯ ಮುಖ ಯಾಕೆ ಸಪ್ಪಗಾಯಿತೆಂದು ಈಗ ತಿಳಿಯಿತಲ್ಲ? ದೇವಸ್ಥಾನದಲ್ಲಿ ಮಗುವಿಗೆ ಬೆಲ್ಲದ ತುಲಾಭಾರ ಮಾಡಿಸುವಾಗ ತಕ್ಕಡಿ ಭಾರವಾದಷ್ಟೂ ಸಂತೋಷ. ಇಲ್ಲಿ ಅದು ತಿರುವುಮುರುವು.

ಹೊಸದುರ್ಗದಲ್ಲಿ ಒಂದು ಮದುವೆ ಮನೆಯಲ್ಲಿ ದೊಡ್ಡಮ್ಮನೊಬ್ಬಳು ಕೇಳಿಯೇ ಬಿಟ್ಟಳು: "ಗಂಡ ಇಲ್ಲ, ಮಕ್ಕಳಿಲ್ಲ. ನಿನ್ನೊಬ್ಬಳಿಗೆ ಇಷ್ಟೊಂದು ಸುರಿಯೋ ಬದಲು ಎಷ್ಟು ಬಾಣಂತಿಯರನ್ನ ಉಳಿಸಬಹುದಿತ್ತು?" ಅವಳು ಕೆಟ್ಟವಳಲ್ಲ. ಲೆಕ್ಕವೂ ಸುಳ್ಳಲ್ಲ. ಹೊಲಿಗೆ ಕಲಿಸಿ ಬದುಕುವ 43 ವರ್ಷದ ಹೆಂಗಸು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಸಲ ಡಾಕ್ಟರಿಗೆ, "ನನ್ನದು ಸಾಕು, ಉಳಿದದ್ದನ್ನು ಆ ಹೊಳಲ್ಕೆರೆ ಮಗುವಿಗೆ ಕೊಡಿ" ಎಂದೆ. ಅವರು ಕನ್ನಡಕ ತೆಗೆದು, "ಒಬ್ಬರ ಹೆಸರಿನ ನೆರವು ಇನ್ನೊಬ್ಬರಿಗೆ ಹೋಗುವುದಿಲ್ಲಮ್ಮ. ನೀವು ಬಿಟ್ಟರೆ ನೀವು ಬಿಟ್ಟ ಹಾಗೆ, ಅಷ್ಟೆ" ಎಂದರು.

ಅಂದರೆ ನನ್ನ ತ್ಯಾಗದಿಂದ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಹಾಗಿದ್ದೂ ಅದು ನನಗೆ ಅಷ್ಟು ಸುಲಭವಾಗಿ ಯಾಕೆ ಹೊಳೆಯಿತು? ಎಲ್ಲರದೂ ಆದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡು ಬೆಳೆದವರು ನಾವು. ನಮ್ಮ ಪಾಲು ಬಿಡುವುದನ್ನೇ ಒಳ್ಳೆಯತನ ಎಂದುಕೊಂಡಿದ್ದೇವೆ. ಬಾಣಂತಿಗೂ ನನಗೂ ಒಂದೇ ತಟ್ಟೆ ಇಟ್ಟು, ಯಾರು ಉಣ್ಣಬೇಕೆಂದು ನಮ್ಮನಮ್ಮಲ್ಲೇ ಕೇಳಿಕೊಳ್ಳುತ್ತೇವೆ. ತಟ್ಟೆ ಒಂದೇ ಯಾಕೆ, ಔಷಧಿಗೆ ಅಷ್ಟು ಬೆಲೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ದುಬಾರಿಯಾಗಿರುವುದು ಔಷಧಿ. ಆ ಮಗುವಲ್ಲ, ನಾನೂ ಅಲ್ಲ.

ಆದರೂ "ಅಪರೂಪದ ಕಾಯಿಲೆಗೆ ಇಷ್ಟೇಕೆ" ಎಂಬ ಮಾತು ಉಳಿಯುತ್ತದೆ. ಅದಕ್ಕೆ ನನಗೆ ಉತ್ತರ ಕಂಡದ್ದು ಹಿರಿಯೂರಿನ ಮಾರಿಕಣಿವೆಯಲ್ಲಿ. ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕೋಡಿ ಒಣಗಿಯೇ ಇತ್ತು. ನಮ್ಮ ಬರಗಾಲದ ಸೀಮೆಯಲ್ಲಿ ಅದು ಹರಿದದ್ದನ್ನು ಕಾಣದೆಯೇ ಎಷ್ಟೋ ಜನ ಹುಟ್ಟಿ, ಬೆಳೆದು, ಸತ್ತರು. ಆದರೂ "ನೀರು ಬಾರದ ಕೋಡಿ ಯಾಕೆ" ಎಂದು ಯಾರೂ ಅದನ್ನು ಮುಚ್ಚಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ನೀರು ಬಂತು, ಕೋಡಿ ಹರಿಯಿತು. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವಳು ಸೆರಗು ಹೊದ್ದು ಕೈ ಮುಗಿದಳು. ಅಪರೂಪಕ್ಕೆ ಬರುವುದಕ್ಕೂ ಒಂದು ದಾರಿ ಬಿಟ್ಟು ಕಟ್ಟಿದ್ದರು ಹಿಂದಿನವರು. ತಮ್ಮ ಕಾಲದಲ್ಲೇ ಬರುತ್ತದೆಯೋ ಇಲ್ಲವೋ ಎಂದು ತೂಗಿ ನೋಡಲಿಲ್ಲ.

ನನ್ನ ಪಾಲಿನ ಹಣ ಮುಗಿಯುತ್ತಾ ಬಂದಿದೆ. ಅರ್ಜಿ ಬರೆಯುತ್ತಿದ್ದೇನೆ. ಹೊಳಲ್ಕೆರೆಯ ಆ ತಾಯಿಯ ಅರ್ಜಿಯನ್ನೂ ನಾನೇ ಬರೆದೆ. ಅವಳಿಗೆ ಅಕ್ಷರ ಅಷ್ಟಾಗಿ ಬಾರದು. ಎರಡನ್ನೂ ಒಂದೇ ಬಾರಿ ಕೊಟ್ಟೆವು. ಏನಾಗುತ್ತದೋ ನೋಡಬೇಕು.

ಹೋದ ಸಲ ಆ ಹುಡುಗ ತೂಕದ ಯಂತ್ರದ ಮೇಲೆ ತಾನೇ ಹತ್ತಿ ನಿಂತ. ಮುಳ್ಳು ಮತ್ತೆ ಮುಂದೆ ಸರಿಯಿತು. ತಾಯಿ ನನ್ನ ಮುಖ ನೋಡಿದಳು.

"ಹೆದರಬೇಡ, ಬೆಳೆಯಲಿ ಬಿಡು" ಎಂದೆ.