ವೀರರು ಹೊರಟ ಮನೆಯ ಪಾಲನೆ



ಯುದ್ಧವೆಂದೊಡನೆ ನಮ್ಮ ಮನಸ್ಸು ರಣಾಂಗಣದ ಕಡೆಗೇ ಓಡುತ್ತದೆ. ಭೀಮಸೇನನ ಗದೆ, ಅರ್ಜುನನ ಗಾಂಡೀವ ಇವುಗಳ ವರ್ಣನೆಯನ್ನು ಕೇಳಿ ರೋಮಾಂಚಗೊಳ್ಳುವ ನಾವು, ಆ ವೀರರು ಹೊರಟುಹೋದ ಮೇಲೆ ಅವರ ಮನೆಯಲ್ಲಿ ಒಲೆ ಹೇಗೆ ಉರಿಯಿತು, ಆಳುಕಾಳುಗಳಿಗೆ ಅನ್ನಬಟ್ಟೆಗಳನ್ನು ಯಾರು ವಿಚಾರಿಸಿದರು ಎಂದು ಕೇಳುವುದೇ ಇಲ್ಲ. ನಮ್ಮ ರಾಮಕೃಷ್ಣನಗರದಂತಹ ಬಡಾವಣೆಯಲ್ಲಿಯೂ ಮಗನನ್ನೋ ಅಳಿಯನನ್ನೋ ಗಡಿಗೆ ಕಳುಹಿಸಿ ದೂರವಾಣಿಯ ಕರೆಗಾಗಿ ಕಾದಿರುವ ತಾಯಂದಿರು ಇರಬಹುದು. ಅಂಥವರಿಗೆ ಈ ಪ್ರಶ್ನೆ ಪುರಾಣದ್ದಲ್ಲ, ಈ ಹೊತ್ತಿನದು.

ಮೈಸೂರಿಗೂ ಇದು ಹೊಸದಲ್ಲ. 1914ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಸಮುದ್ರ ದಾಟಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಆ ದಳದವರೂ ಸೇರಿದ್ದರು. ಸವಾರರ ಸಂಗಡ ಲಾಯದ ಸೈಸರು, ಅಡಿಗೆಯವರು ಮೊದಲಾದ ಪರಿವಾರದವರೂ ಹೋಗುವುದು ಆಗಿನ ಸೈನ್ಯದ ಕ್ರಮ. ಸವಾರನ ಮನೆಯಲ್ಲಿ ಕಾದವರಿದ್ದಂತೆ ಸೈಸನ ಗುಡಿಸಿಲಿನಲ್ಲಿಯೂ ಕಾದವರಿದ್ದರೆಂಬುದನ್ನು ನಾವು ಮರೆಯುತ್ತೇವೆ.

ವನಪರ್ವದಲ್ಲಿ ದ್ರೌಪದೀ ಸತ್ಯಭಾಮಾ ಸಂವಾದವೆಂಬ ಪ್ರಸಂಗವಿದೆ. ಪಾಂಡವರು ಕಾಮ್ಯಕವನದಲ್ಲಿರುವಾಗ ಶ್ರೀಕೃಷ್ಣನೊಡನೆ ಬಂದ ಸತ್ಯಭಾಮೆಯು, ಇಂತಹ ಪರಾಕ್ರಮಿಗಳಾದ ಪತಿಗಳು ನಿನಗೆ ಹೇಗೆ ಒಲಿದಿದ್ದಾರೆ, ಮಂತ್ರದಿಂದಲೋ ಮೂಲಿಕೆಯಿಂದಲೋ ಎಂದು ಕೇಳುತ್ತಾಳೆ. ಸಾಕ್ಷಾತ್ ಲಕ್ಷ್ಮೀರೂಪಳಾದ ಸತ್ಯಭಾಮೆ ಅರಿಯದೆ ಕೇಳಿದಳೆಂದಲ್ಲ, ಲೋಕಶಿಕ್ಷಣಕ್ಕಾಗಿ ಕೇಳಿದಳು. ಭಾರತೀದೇವಿಯ ಅವತಾರಳಾದ ದ್ರೌಪದಿ ಆ ಮಾತನ್ನು ತಳ್ಳಿಹಾಕಿ, ಇಂದ್ರಪ್ರಸ್ಥದಲ್ಲಿ ತಾನು ಮನೆ ನಡೆಸಿದ ರೀತಿಯನ್ನು ವಿವರಿಸುತ್ತಾಳೆ.

ಅರಮನೆಯಲ್ಲಿ ಲಕ್ಷ ಮಂದಿ ದಾಸಿಯರಿದ್ದರಂತೆ. ಅವರೆಲ್ಲರ ಹೆಸರು, ರೂಪ, ಊಟ, ಉಡುಗೆ, ಯಾರು ಯಾವ ಕೆಲಸ ಮಾಡಿದರು, ಯಾವುದು ಉಳಿಯಿತು ಎಂಬುದೆಲ್ಲ ಅವಳಿಗೆ ತಿಳಿದಿತ್ತು. ದನ ಕಾಯುವವರು, ಕುರಿ ಕಾಯುವವರವರೆಗೂ ಆ ಗಮನ ತಲುಪಿತ್ತು. ರಾಜ್ಯದ ಆಯವ್ಯಯವನ್ನು ಅವಳೊಬ್ಬಳೇ ಬಲ್ಲವಳಾಗಿದ್ದಳು. ಅತ್ತೆ ಕುಂತೀದೇವಿಗೆ ಮಾತ್ರ ಇನ್ನೊಬ್ಬರನ್ನು ನೇಮಿಸದೆ ತಾನೇ ಬಡಿಸುತ್ತಿದ್ದಳು. ರಾಜಸೂಯಕ್ಕೆ ಮುಂಚೆ ಭೀಮನು ಪೂರ್ವಕ್ಕೆ, ಅರ್ಜುನನು ಉತ್ತರಕ್ಕೆ, ಸಹದೇವನು ದಕ್ಷಿಣಕ್ಕೆ, ನಕುಲನು ಪಶ್ಚಿಮಕ್ಕೆ ಸೈನ್ಯದೊಡನೆ ಹೊರಟಿದ್ದರಷ್ಟೆ. ಸಂವಾದದಲ್ಲಿ ದಿಗ್ವಿಜಯದ ಹೆಸರಿಲ್ಲ. ಆದರೂ ನಾಲ್ವರೂ ದೂರದಲ್ಲಿದ್ದ ಆ ದಿನಗಳಲ್ಲಿ ಮನೆ ಕುಸಿಯದೆ ನಿಂತದ್ದು ಈ ಅಭ್ಯಾಸದ ಬಲದಿಂದಲೇ ಎಂದು ನನಗೆ ತೋರುತ್ತದೆ. ಯುದ್ಧ ಬಂದ ದಿನ ಆಳಿನ ಹೆಸರು ಕೇಳಿ ತಿಳಿದುಕೊಳ್ಳಲು ಹೊರಟರೆ ಆಗುವ ಕೆಲಸವಲ್ಲ ಅದು.

ಇವೆಲ್ಲಕ್ಕಿಂತ ಒಂದು ಮಾತು ನನ್ನನ್ನು ಬಹಳವಾಗಿ ಕಾಡಿದೆ. ಪತಿಯ ಊಟವಾಗದೆ ತಾನು ಉಣ್ಣುತ್ತಿರಲಿಲ್ಲವೆನ್ನುವ ದ್ರೌಪದಿ, ಅದೇ ಉಸಿರಿನಲ್ಲಿ ಕೆಲಸದವರ ವಿಷಯದಲ್ಲಿಯೂ ಇದೇ ನಿಯಮವೆನ್ನುತ್ತಾಳೆ. ಪತಿವ್ರತಾಧರ್ಮದ ಮಾತು ಬಂದಾಗ ನಾವು ಮೊದಲ ಭಾಗವನ್ನು ದೊಡ್ಡ ದನಿಯಲ್ಲಿ ಹೇಳಿ, ಎರಡನೆಯದನ್ನು ನುಂಗಿಬಿಡುತ್ತೇವೆ. ಮಡಿಯ ನೆಪದಲ್ಲಿ ಮಧ್ಯಾಹ್ನ ಮೂರು ಗಂಟೆಯವರೆಗೆ ಕೆಲಸದವಳನ್ನು ಹಸಿದಿರಿಸಿ, ಕೊನೆಗೆ ಮಿಕ್ಕ ಸಾರನ್ನು ಬಗ್ಗಿಸಿ ಕೊಡುವ ಮನೆಗಳನ್ನು ನಾನು ಬಲ್ಲೆ. ನಮ್ಮ ಮನೆಯೂ ಒಂದು ಕಾಲಕ್ಕೆ ಅದಕ್ಕೆ ಹೊರತಾಗಿರಲಿಲ್ಲ. ಮಡಿ ಬೇಡವೆನ್ನುತ್ತಿಲ್ಲ, ನೈವೇದ್ಯವನ್ನು ಒಂದು ಗಂಟೆ ಮುಂಚೆ ಮುಗಿಸಲು ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ. ಜೀವರೆಲ್ಲರೂ ಶ್ರೀಹರಿಯ ದಾಸರೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ದಾಸನೆಂಬ ಹೆಸರನ್ನೇ ಭೂಷಣವಾಗಿ ಧರಿಸಿದವರು ನಮ್ಮ ಹರಿದಾಸರು. ಹಾಗಿರುವಾಗ ಮನೆಯ ಯಜಮಾನಿಯೂ ಪಾತ್ರೆ ತೊಳೆಯುವವಳೂ ಒಬ್ಬನೇ ಒಡೆಯನ ಕೆಲಸದವರಲ್ಲವೇ? ಇಂದು ಗಡಿಯಲ್ಲಿರುವವನು ನಿಮ್ಮ ಮಗನೇ ಆಗಿರಬೇಕೆಂದಿಲ್ಲ, ನಿಮ್ಮ ಅಂಗಳ ಗುಡಿಸುವವಳ ಮಗನೂ ಆಗಿರಬಹುದು.

ದ್ರೌಪದಿಯ ಈ ನಡೆಗೆ ಸೇವಕರು ಏನು ಕೊಟ್ಟರು? ಪಾಂಡವರು ಸರ್ವಸ್ವವನ್ನೂ ಕಳೆದುಕೊಂಡು ಕಾಡಿಗೆ ಹೊರಟಾಗ ಇಂದ್ರಸೇನನೇ ಮೊದಲಾದ ಹದಿನಾಲ್ವರು ಸೇವಕರು ರಥಗಳಲ್ಲಿ ಹಿಂಬಾಲಿಸಿದರು. ಸಂಬಳ ಕೊಡುವ ಕೈ ಆಗ ಬರಿದಾಗಿತ್ತು. ಮುಂದೆ ಅಜ್ಞಾತವಾಸದ ವರ್ಷ ಇಂದ್ರಸೇನಾದಿಗಳನ್ನು ಬರಿಯ ರಥಗಳೊಡನೆ ದ್ವಾರಕೆಗೂ, ದ್ರೌಪದಿಯ ಪರಿಚಾರಿಕೆಯರನ್ನು ಪಾಂಚಾಲಕ್ಕೂ ಕಳುಹಿಸಲಾಯಿತು. ದುರ್ಯೋಧನನ ಚಾರರು ಆ ರಥಗಳ ಜಾಡು ಹಿಡಿದು ದ್ವಾರಕೆಯವರೆಗೂ ಹೋದರು; ಪಾಂಡವರ ಸುಳಿವು ಮಾತ್ರ ಅವರಿಗೆ ಸಿಕ್ಕಲಿಲ್ಲ.

ಅದಕ್ಕೂ ಮೊದಲಿನ ಒಂದು ಘಟನೆಯನ್ನು ಹೇಳಿ ಮುಗಿಸುತ್ತೇನೆ. ಪಾಂಡವರೆಲ್ಲ ಬೇಟೆಗೆ ಹೋಗಿದ್ದ ಹೊತ್ತಿನಲ್ಲಿ ಜಯದ್ರಥನು ಆಶ್ರಮಕ್ಕೆ ಬಂದು ದ್ರೌಪದಿಯನ್ನು ಬಲಾತ್ಕಾರವಾಗಿ ರಥದಲ್ಲಿ ಒಯ್ದನು. ಪುರೋಹಿತರಾದ ಧೌಮ್ಯರು ಕಾಲ್ನಡೆಯಲ್ಲಿಯೇ ಹಿಂದೆ ಹೋದರು. ಪಾಂಡವರು ಮರಳುವಾಗ ದ್ರೌಪದಿಯ ದಾದಿಯ ಮಗಳು, ಧಾತ್ರೇಯಿಕೆ, ನೆಲದ ಮೇಲೆ ಬಿದ್ದು ಅಳುತ್ತಿದ್ದಳು. ಇಂದ್ರಸೇನನು ರಥದಿಂದ ಧುಮುಕಿ ಓಡಿಹೋಗಿ ವಿಚಾರಿಸಿದನು. ಅವಳು ಮುಖ ಒರೆಸಿಕೊಂಡು ನಡೆದುದನ್ನು ಹೇಳಿ, ಅವರು ಹೋದ ದಾರಿಯ ಗುರುತು ಇನ್ನೂ ಹೊಸದಾಗಿದೆ, ಮುರಿದ ಗಿಡಗಳು ಇನ್ನೂ ಬಾಡಿಲ್ಲ, ದೂರ ಹೋಗಿರಲಾರರು, ಬೇಗ ರಥ ತಿರುಗಿಸಿ ಎಂದಳು.

|| ಶ್ರೀಕೃಷ್ಣಾರ್ಪಣಮಸ್ತು ||