ಇಂದಿನ ಧಮ್ಮ ಚಿಂತನೆ: ‘ಅಂತೆ’ ಬಿದ್ದುಹೋದಾಗ

 



ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಪುಟ್ಟ ಮಾತಿದೆ. ‘ಆ ಹುತ್ತದಲ್ಲಿ ಏಳು ಹೆಡೆಯ ಸರ್ಪ ಇದೆಯಂತೆ’ ಎಂದರೆ, ಹೇಳುವವರು ಕಂಡಿಲ್ಲ, ಯಾರಿಂದಲೋ ಕೇಳಿದ್ದಾರೆ ಎಂದರ್ಥ. ಮಾತು ನಾಲ್ಕು ಬಾಯಿ ದಾಟುವಷ್ಟರಲ್ಲಿ ‘ಅಂತೆ’ ಬಿದ್ದುಹೋಗುತ್ತದೆ, ‘ಇದೆ’ ಮಾತ್ರ ಉಳಿಯುತ್ತದೆ. ಆಮೇಲೆ ವಿವರಗಳು ಸೇರುತ್ತವೆ: ತಲೆಯಲ್ಲಿ ಮಣಿ, ಹನ್ನೆರಡು ವರ್ಷ ಮರೆಯದ ಹಗೆ, ಅಮಾವಾಸ್ಯೆಯ ರಾತ್ರಿ. ಕಾಣದ ಪ್ರಾಣಿಗೆ ಲೆಕ್ಕ, ಬಣ್ಣ, ಜಾಗ ಕೊಟ್ಟುಬಿಟ್ಟರೆ ನಾವೇ ಕಂಡ ಹಾಗೆ ಅನ್ನಿಸುತ್ತದೆ.

ಯಾವ ಹಾವಿನ ತಲೆಯಲ್ಲೂ ಮಣಿ ಇಲ್ಲ. ಆದರೂ ಮಗಳ ಮದುವೆ ತಡವಾದಾಗ ಯಾರಾದರೂ ‘ಸರ್ಪದೋಷ’ ಎಂದು ನಂಬುವ ಹಾಗೆ ಹೇಳಿದರೆ, ದೀಕ್ಷೆ ಪಡೆದ ಮನೆಯಲ್ಲೂ ಎದೆ ಝಲ್ಲೆನ್ನುತ್ತದೆ. ಕೂಲಿಯ ದುಡ್ಡು ಶಾಂತಿಗೆ ಹೋಗುತ್ತದೆ. ದೋಷದ ಹೆಸರು ಮಗಳಿಗೆ ಅಂಟುತ್ತದೆ.

ಕೇಸಪುತ್ತದ ಕಾಲಾಮರು ಭಗವಾನ್ ಬುದ್ಧರ ಬಳಿ ಇಂಥದೇ ಗೊಂದಲ ತಂದಿದ್ದರು. ಬಂದ ಗುರುಗಳೆಲ್ಲ ತಮ್ಮದೇ ಸರಿ ಎನ್ನುತ್ತಾರೆ, ಯಾರನ್ನು ನಂಬುವುದು? ಬುದ್ಧರು ಎಚ್ಚರಿಸಿದ ಹತ್ತು ಸಂಗತಿಗಳಲ್ಲಿ ಮೊದಲನೆಯದೇ ‘ಅನುಸ್ಸವ’, ಕೇಳಿಬಂದ ಮಾತು. ಅದು ನಮ್ಮ ‘ಅಂತೆ’. ಹೇಳುವವರು ಯೋಗ್ಯರಂತೆ ಕಾಣುತ್ತಾರೆ, ನಮ್ಮ ಗುರುಗಳೇ ಹೇಳಿದ್ದಾರೆ ಎಂಬುವೂ ಆ ಹತ್ತರಲ್ಲಿವೆ. ಅವರು ಕೊಟ್ಟ ಒರೆಗಲ್ಲು ಇದು: ಈ ಮಾತಿನಂತೆ ನಡೆದರೆ ಹಾನಿ, ದುಃಖ ಬರುತ್ತದೆಯೇ? ಲೋಭ, ದ್ವೇಷ, ಮೋಹ ಬೆಳೆಯುತ್ತವೆಯೇ? ನೀವೇ ಅರಿತು ಬಿಡಿ.

ಬಾಬಾಸಾಹೇಬರು 1956ರ ಅಕ್ಟೋಬರ್ 15ರಂದು ನಾಗಪುರದ ಭಾಷಣದಲ್ಲಿ, ಭಾರತದಲ್ಲಿ ಬೌದ್ಧಧಮ್ಮವನ್ನು ಹರಡಿದವರು ನಾಗ ಜನರು ಎಂದರು. ಪುರಾಣ ಹಾವನ್ನು ತೋರಿಸಿದ ಕಡೆ ಅವರು ಮನುಷ್ಯರನ್ನು ಕಂಡರು. ಇಲ್ಲದ ಪ್ರಾಣಿಯನ್ನು ‘ಇದೆ’ ಅನ್ನಿಸುವ ಮಾತೇ, ಎದುರಿಗಿರುವ ಮನುಷ್ಯನನ್ನು ‘ಮನುಷ್ಯನಲ್ಲ’ ಎಂದೂ ನಂಬಿಸಬಲ್ಲದು. ನಮ್ಮ ಹಿರಿಯರು ಆ ಮಾತಿನ ಭಾರ ಹೊತ್ತು ಬದುಕಿದವರು.

ಇಂದಿನ ಅಭ್ಯಾಸ: ಹೆದರಿಸುವ ಮಾತು ಕಿವಿಗೆ ಬಿದ್ದರೆ, ಬಿದ್ದುಹೋದ ‘ಅಂತೆ’ಯನ್ನು ಮತ್ತೆ ಸೇರಿಸಿ ಓದಿ. ಕಂಡವರು ಯಾರು? ನಂಬಿದರೆ ನೋವು ಯಾರಿಗೆ? ಬಾಬಾಸಾಹೇಬರ ಹೆಸರಿನಲ್ಲಿ ಬರುವ ಫಾರ್ವರ್ಡ್‌ಗಳಿಗೂ ಇದೇ ಒರೆಗಲ್ಲು. ಈ ನನ್ನ ಬರಹಕ್ಕೂ.

ಭವತು ಸಬ್ಬ ಮಂಗಲಂ. ಜೈ ಭೀಮ್.